ಫ್ಲ್ಯಾಶ್ ಚಿತ್ರಗಳಲ್ಲಿ ಬೇಡದ ಚುಕ್ಕೆ, ಬೆಳಕಿನ ಕಲೆ: ಮೂಲ ಹುಡುಕಿ ನಿವಾರಿಸುವ ಬಗೆ

ಮಾಂಗಲ್ಯ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಮೊಳಗುತ್ತದೆ, ಎಲ್ಲ ಕಡೆಯಿಂದ ಅಕ್ಷತೆ ಬೀಳುತ್ತದೆ, ನೀವು ಒಂದರ ಹಿಂದೊಂದು ಐದಾರು ಸಲ ಫ್ಲ್ಯಾಶ್ ಹೊಡೆಯುತ್ತೀರಿ. ರಾತ್ರಿ ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದಾಗ ವಧುವಿನ ಹಣೆಯ ಮೇಲೆ ನಾಣ್ಯದಷ್ಟು ಅಗಲದ ಮಸುಕು ಬಿಳಿ ವೃತ್ತವೊಂದು, ಸೆರಗಿನ ಮೇಲೆ ಇನ್ನೆರಡು, ಬಲ ಮೂಲೆಯಿಂದ ಇಳಿದು ಬಂದ ಹಸಿರು ಕಲೆಗಳ ಸಾಲು ಕಾಣುತ್ತದೆ. ಇಂತಹ ಸಂದರ್ಭದಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಲೆನ್ಸ್ ಒರೆಸುವುದು. ಅದರಿಂದ ಉಪಯೋಗವಾಗುವುದು ಅಪರೂಪ. ಲೆನ್ಸಿನ ಮುಂಗಾಜಿನ ಮೇಲೆ ಕುಳಿತ ಧೂಳಿನ ಕಣವು ಫೋಕಸ್‌ನಿಂದ ಬಹಳ ದೂರ ಇರುವುದರಿಂದ ಸಾಮಾನ್ಯವಾಗಿ ಚಿತ್ರದಲ್ಲಿ ಚುಕ್ಕೆಯಾಗಿ ಮೂಡುವುದೇ ಇಲ್ಲ.

ಚುಕ್ಕೆಯು ಎಲ್ಲಿ ಹುಟ್ಟಿತು ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು. ಅದು ಹುಟ್ಟಬಹುದಾದ ಸ್ಥಳಗಳು ಐದು: ಚಿತ್ರಿಸುತ್ತಿರುವ ವ್ಯಕ್ತಿ ಅಥವಾ ವಸ್ತುವಿನ ಮೇಲ್ಮೈ, ಅದಕ್ಕೂ ಕ್ಯಾಮೆರಾಕ್ಕೂ ನಡುವಿನ ಗಾಳಿ, ಲೆನ್ಸಿನ ಮುಂಗಾಜು ಅಥವಾ ಅದಕ್ಕೆ ಹಾಕಿದ ಫಿಲ್ಟರ್, ಲೆನ್ಸಿನ ಒಳಗಿನ ಗಾಜುಗಳು ಮತ್ತು ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಕ್ಯಾಮೆರಾದೊಳಗಿನ ಫಲಕ. ಈ ಐದಕ್ಕೂ ಪರಿಹಾರ ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ, ಕೆಲವೊಮ್ಮೆ ಹಾನಿಯನ್ನೂ ಮಾಡುತ್ತದೆ.

ಮೊದಲ ಹೆಜ್ಜೆ: ನಾಲ್ಕು ಪರೀಕ್ಷೆಗಳು

ಕ್ಯಾಮೆರಾವನ್ನು ಟ್ರೈಪಾಡ್ ಮೇಲೋ ಮೇಜಿನ ಮೇಲೋ ಅಲುಗದಂತೆ ಇಟ್ಟು, ಯಾವ ಸೆಟ್ಟಿಂಗನ್ನೂ ಬದಲಿಸದೆ, ಫ್ಲ್ಯಾಶ್ ಹಾಕಿ ಮೂರು ಚಿತ್ರ ತೆಗೆಯಿರಿ. ಒಂದರಿಂದ ಇನ್ನೊಂದಕ್ಕೆ ಚುಕ್ಕೆಗಳು ಜಾಗ ಬದಲಿಸಿದ್ದರೆ ಅಥವಾ ಒಂದರಲ್ಲಿದ್ದು ಮತ್ತೊಂದರಲ್ಲಿ ಇಲ್ಲದಿದ್ದರೆ ಅವು ಗಾಳಿಯಲ್ಲಿ ತೇಲುತ್ತಿರುವ ಕಣಗಳು. ಉಳಿದ ಪರೀಕ್ಷೆಗಳ ಅಗತ್ಯವೇ ಇಲ್ಲ.

ಚುಕ್ಕೆ ಕದಲದೆ ಇದ್ದರೆ ಫ್ಲ್ಯಾಶ್ ಆರಿಸಿ, ಬೆಳಕಿಗೆ ಸೆನ್ಸರಿನ ಸ್ಪಂದನೆ ಹೆಚ್ಚಿಸುವ ಐಎಸ್‌ಒ ಏರಿಸಿ, ಅದೇ ಚೌಕಟ್ಟಿನಲ್ಲಿ ಇನ್ನೊಂದು ಚಿತ್ರ ತೆಗೆಯಿರಿ. ಕಲೆ ಮಾಯವಾದರೆ ಅದಕ್ಕೆ ಫ್ಲ್ಯಾಶೇ ಕಾರಣ. ಉಳಿದುಕೊಂಡರೆ ಸಭಾಂಗಣದ ಯಾವುದೋ ದೀಪ ಅಥವಾ ಸೆನ್ಸರಿನ ಧೂಳು ಕಾರಣ.

ಮೂರನೆಯದಾಗಿ, ಕ್ಯಾಮೆರಾವನ್ನು ಇದ್ದಲ್ಲೇ ಸ್ವಲ್ಪ ಎಡಕ್ಕೆ ತಿರುಗಿಸಿ ಮತ್ತೆ ಕ್ಲಿಕ್ಕಿಸಿ. ಚುಕ್ಕೆಯು ಕನ್ನಡಕಕ್ಕೋ ಗೋಡೆಗೋ ಅಂಟಿಕೊಂಡಂತೆ ಅದರ ಜೊತೆಗೇ ಸರಿದರೆ ಅದು ಆ ಮೇಲ್ಮೈಯ ಪ್ರತಿಫಲನ. ದೀಪ ಬಲಕ್ಕೆ ಸರಿದಾಗ ಕಲೆ ಎಡಕ್ಕೆ ಸರಿದರೆ, ಅಂದರೆ ಚೌಕಟ್ಟಿನ ಮಧ್ಯಬಿಂದುವಿನ ಆಚೆ ದೀಪಕ್ಕೆ ಎದುರುಬದುರಾಗಿ ಓಡಿದರೆ, ಅದು ಲೆನ್ಸಿನೊಳಗೆ ಹುಟ್ಟಿದ ಫ್ಲೇರ್, ಅಂದರೆ ಗಾಜುಗಳ ನಡುವೆ ಪ್ರತಿಫಲಿಸಿದ ಬೆಳಕಿನ ಕಲೆ. ಏನೇ ಮಾಡಿದರೂ ಚೌಕಟ್ಟಿನ ಅದೇ ಜಾಗದಲ್ಲಿ ಕುಳಿತಿದ್ದರೆ ಸೆನ್ಸರನ್ನು ಸಂಶಯಿಸಬೇಕು.

ಕೊನೆಯದಾಗಿ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಎಫ್ 4ರಿಂದ ಎಫ್ 16ಕ್ಕೆ ಬದಲಿಸಿ ನೋಡಿ. ಅದುವರೆಗೆ ಕಾಣದಿದ್ದ ಕಪ್ಪು ಚುಕ್ಕೆ ಅಥವಾ ಮಸುಕಾಗಿದ್ದ ನೆರಳು ಚಿಕ್ಕದಾಗಿ, ಸ್ಫುಟವಾಗಿ ಮೂಡಿದರೆ ಅದು ಸೆನ್ಸರ್ ಧೂಳು. ದುಂಡಗಿದ್ದ ಕಲೆ ಐದು, ಏಳು ಅಥವಾ ಒಂಬತ್ತು ಮೂಲೆಗಳ ಆಕಾರ ತಾಳಿದರೆ ನೀವು ನೋಡುತ್ತಿರುವುದು ಅಪರ್ಚರಿನ ಎಸಳುಗಳ ಪ್ರತಿಬಿಂಬ.

ಗಾಳಿಯಲ್ಲಿ ಹುಟ್ಟುವ ಚುಕ್ಕೆಗಳು

ಫ್ಲ್ಯಾಶ್ ಚಿತ್ರಗಳ ಬಿಳಿ ವೃತ್ತಗಳಲ್ಲಿ ಬಹುಪಾಲು ಈ ಬಗೆಯವು. ಧೂಳು, ಮಳೆಹನಿ, ಮಂಜಿನ ಕಣ, ಪರಾಗ, ಮೊದಲ ಮಳೆಯ ಬಳಿಕ ದೀಪಕ್ಕೆ ಮುತ್ತುವ ರೆಕ್ಕೆಹುಳು, ಅರತಕ್ಷತೆಯಲ್ಲಿ ಬಿಡುವ ಕೃತಕ ಹೊಗೆ, ಹೋಮದ ಬೂದಿ ಇವೆಲ್ಲ ಕಾರಣವಾಗಬಲ್ಲವು. ಬರಿಗಣ್ಣಿಗೆ ಕಾಣದ ಕಣವೂ ಚಿತ್ರದಲ್ಲಿ ಇಷ್ಟು ಎದ್ದು ಕಾಣುವುದೇಕೆ ಎಂಬ ಪ್ರಶ್ನೆಗೆ ಬೆಳಕಿನ ಒಂದು ಸರಳ ನಿಯಮದಲ್ಲಿ ಉತ್ತರವಿದೆ: ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಫ್ಲ್ಯಾಶಿನಿಂದ 3 ಮೀಟರ್ ದೂರದಲ್ಲಿ ನಿಂತ ವಧುವಿಗೆ ಸಾಕಾಗುವಷ್ಟು ಬೆಳಕನ್ನು ಕ್ಯಾಮೆರಾ ಲೆಕ್ಕ ಹಾಕಿ ಹೊಡೆದಾಗ, 15 ಸೆಂಟಿಮೀಟರ್ ದೂರದಲ್ಲಿ ತೇಲುತ್ತಿರುವ ಕಣದ ಮೇಲೆ ಅದರ 400 ಪಟ್ಟು ಬೆಳಕು ಬೀಳುತ್ತದೆ. ಆ ಕಣ ಫೋಕಸ್‌ನಲ್ಲಿಲ್ಲದ ಕಾರಣ ಅದರ ಬೆಳಕು ಒಂದು ಬಿಂದುವಾಗಿ ಕೂಡದೆ, ಅಪರ್ಚರಿನ ಆಕಾರದ ಬಿಲ್ಲೆಯಾಗಿ ಹರಡಿಕೊಳ್ಳುತ್ತದೆ. ಬಿಲ್ಲೆಯ ಹಿಂದಿನ ದೃಶ್ಯ ಅರೆಪಾರದರ್ಶಕವಾಗಿ ಕಾಣುವುದೂ ಇದೇ ಕಾರಣಕ್ಕೆ. ದೇವಸ್ಥಾನದ ಅಂಗಳದಲ್ಲಿ ರಾತ್ರಿ ತೆಗೆದ ಚಿತ್ರವನ್ನು ನನಗೆ ತೋರಿಸಿ ‘ಇದು ದೇವರ ಬೆಳಕೇ’ ಎಂದು ಕೇಳಿದವರು ಒಬ್ಬಿಬ್ಬರಲ್ಲ. ಭಕ್ತಿಯ ವಿಷಯ ನನ್ನ ವ್ಯಾಪ್ತಿಯದಲ್ಲ. ಆದರೆ ಅದೇ ಅಂಗಳದಲ್ಲಿ ಫ್ಲ್ಯಾಶ್ ಆರಿಸಿ ತೆಗೆದ ಮುಂದಿನ ಚಿತ್ರದಲ್ಲಿ ಆ ವೃತ್ತಗಳು ಇರುವುದಿಲ್ಲ.

ಪರಿಹಾರದ ತಿರುಳು ಇಷ್ಟೇ: ಲೆನ್ಸಿನ ಎದುರಿನ ಒಂದೆರಡು ಅಡಿ ಗಾಳಿಗೆ ಫ್ಲ್ಯಾಶಿನ ಬೆಳಕು ತಾಗದಂತೆ ನೋಡಿಕೊಳ್ಳಬೇಕು. ಕ್ಯಾಮೆರಾದಲ್ಲೇ ಅಡಕವಾಗಿರುವ ಪುಟ್ಟ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಂತೆ ಇರುವುದರಿಂದ ಲೆನ್ಸ್ ನೋಡುವ ಜಾಗವನ್ನೂ ಫ್ಲ್ಯಾಶ್ ಬೆಳಗುವ ಜಾಗವನ್ನೂ ಬೇರ್ಪಡಿಸಲು ಸಾಧ್ಯವೇ ಇಲ್ಲ. ಹೊರಗಿನ ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿದರೆ ಸ್ವಲ್ಪ ಮೇಲು. ತಂತಿ ಅಥವಾ ವೈರ್‌ಲೆಸ್ ಟ್ರಿಗರ್ ಬಳಸಿ ಅದನ್ನು ತೋಳಿನಷ್ಟು ದೂರ ಪಕ್ಕಕ್ಕೆ ಒಯ್ದರೆ ಗಣನೀಯವಾಗಿ ಮೇಲು. ಫ್ಲ್ಯಾಶ್ ತಲೆಯ ಜೂಮನ್ನು ಲೆನ್ಸಿನ ನೋಟಕ್ಕೆ ಸಾಕಾಗುವಷ್ಟು ಮಾತ್ರ ಇಟ್ಟುಕೊಳ್ಳಿ, ಬೆಳಕನ್ನು ಅಗಲಿಸುವ ಎಳೆದು ತೆಗೆಯುವ ಪ್ಲಾಸ್ಟಿಕ್ ಹಲಗೆಯನ್ನು ಒಳಗೆ ದೂಡಿ. ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವ ಬಿಳಿ ಗುಮ್ಮಟದಂತಹ ಡಿಫ್ಯೂಸರ್ ಹೊಗೆ, ಮಂಜು, ಮಳೆಯಲ್ಲಿ ಶತ್ರುವೇ ಸರಿ.

ಅಪರ್ಚರಿನ ವಿಷಯದಲ್ಲಿ ಅನೇಕರು ಎಡವುತ್ತಾರೆ. ಎಲ್ಲವೂ ಸ್ಫುಟವಾಗಿರಲಿ ಎಂದು ಎಫ್ 11 ಇಟ್ಟರೆ ಬಿಲ್ಲೆಗಳು ಚಿಕ್ಕದಾಗಿ, ಗಟ್ಟಿಯಾಗಿ, ಎದ್ದು ಕಾಣುತ್ತವೆ. ಜೊತೆಗೆ ಫ್ಲ್ಯಾಶನ್ನೂ ಜೋರಾಗಿ ಹೊಡೆಯಬೇಕಾಗುತ್ತದೆ. ಎಫ್ 2.8 ಅಥವಾ ಎಫ್ 4ಕ್ಕೆ ತೆರೆದರೆ ಅದೇ ಕಣದ ಬೆಳಕು ದೊಡ್ಡ ಜಾಗಕ್ಕೆ ಹರಡಿ ಬಹುತೇಕ ಕರಗಿಹೋಗುತ್ತದೆ. ಚಿಕ್ಕ ಸೆನ್ಸರಿನ ಜೇಬು ಕ್ಯಾಮೆರಾಗಳಲ್ಲಿ ಈ ವೃತ್ತಗಳು ಹೆಚ್ಚಾಗಿ ಕಾಣುವುದಕ್ಕೆ, ಹತ್ತಿರದ ಕಣವೂ ಅವುಗಳಲ್ಲಿ ಪೂರ್ತಿ ಕರಗದಿರುವುದು ಒಂದು ಕಾರಣ.

ಅಕ್ಷತೆಯ ಸಮಸ್ಯೆಗೆ ಮಾತ್ರ ನಿಲ್ಲುವ ಜಾಗವೇ ಉತ್ತರ. ವಧೂವರರ ನೇರ ಎದುರು, ಜನರ ಮುಂದೆ ನಿಂತರೆ ಅಕ್ಷತೆ ನಿಮ್ಮ ಬೆನ್ನ ಹಿಂದಿನಿಂದ ಹಾರಿ ಲೆನ್ಸಿನ ಮುಂದೆಯೇ ಹಾದುಹೋಗುತ್ತದೆ. ಮಂಟಪದ ಪಕ್ಕದ ಕಂಬದ ಬಳಿ, ಅಕ್ಷತೆ ಎಸೆಯುವ ದಾರಿಗೆ ಅಡ್ಡವಾಗಿ ನಿಂತರೆ ಕಾಳುಗಳು ವಧೂವರರ ಸುತ್ತ ಮಾತ್ರ ಕಾಣುತ್ತವೆ, ಅಲ್ಲಿ ಅವು ದೋಷವಲ್ಲ, ಚಿತ್ರದ ಜೀವಾಳ. ಸಾಧ್ಯವಾದರೆ 70 ಮಿಲಿಮೀಟರಿಗೂ ಉದ್ದದ ಲೆನ್ಸ್ ಹಾಕಿ ಎರಡು ಹೆಜ್ಜೆ ಹಿಂದೆ ಸರಿಯಿರಿ, ಮತ್ತು ಮುಖ್ಯ ಕ್ಷಣಕ್ಕೆ ಕನಿಷ್ಠ ಮೂರು ಚಿತ್ರ ತೆಗೆಯಿರಿ. ಕಾಳು ಪ್ರತಿ ಚಿತ್ರದಲ್ಲೂ ಬೇರೆ ಜಾಗದಲ್ಲಿರುವುದರಿಂದ ಒಂದರಲ್ಲಿ ಹಣೆಗೆ ಮುಚ್ಚಿಕೊಂಡದ್ದನ್ನು ಇನ್ನೊಂದರಿಂದ ತಂದು ಸರಿಪಡಿಸಬಹುದು.

ಹೋಮದ ಹೊಗೆಗೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬಿಳಿ ಪರದೆಯಷ್ಟೇ ಸಿಗುತ್ತದೆ. ಫ್ಯಾನಿನ ಗಾಳಿ ಹೊಗೆಯನ್ನು ಯಾವ ಕಡೆಗೆ ತಳ್ಳುತ್ತಿದೆ ಎಂದು ನೋಡಿ ಅದರ ಎದುರು ಬದಿಯಲ್ಲಿ ನಿಲ್ಲಿ; ಬೆಳಕು ಬೇಕೇ ಬೇಕಾದರೆ ಪಕ್ಕದಿಂದ ಬರಲಿ. ಆಗುಂಬೆಯಂತಹ ಊರಿನ ಮಳೆಗಾಲದ ಮಂಜಿನಲ್ಲಿ ಫ್ಲ್ಯಾಶನ್ನು ಚೀಲದಲ್ಲೇ ಬಿಟ್ಟು ಐಎಸ್‌ಒ 1600, 3200ಕ್ಕೆ ಏರಿಸುವುದು ಜಾಣತನ, ಏಕೆಂದರೆ ಚಿತ್ರದ ಒರಟುತನವನ್ನು ಆಮೇಲೆ ತಗ್ಗಿಸಬಹುದು, ನೂರಾರು ಬಿಳಿ ಬಿಲ್ಲೆಗಳನ್ನು ಅಳಿಸಲಾಗದು. ನೀರಿನಡಿಯಲ್ಲಿ ಇದೇ ತೊಂದರೆ ಇನ್ನೂ ತೀವ್ರವಾಗಿರುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿಯಂತಹ ಕಡೆ ಮುಳುಗಿ ಚಿತ್ರ ತೆಗೆಯುವವರು ಫ್ಲ್ಯಾಶುಗಳನ್ನು ಉದ್ದನೆಯ ತೋಳುಗಳಿಗೆ ಜೋಡಿಸಿ ಎರಡೂ ಬದಿಗೆ ದೂರ ಚಾಚಿ, ಸ್ವಲ್ಪ ಹೊರಮುಖವಾಗಿ ತಿರುಗಿಸಿಕೊಳ್ಳುವುದು ಲೆನ್ಸಿನ ಎದುರಿನ ನೀರು ಕತ್ತಲಲ್ಲೇ ಇರಲಿ ಎಂದೇ.

ಮೇಲ್ಮೈಯಿಂದ ಮರಳುವ ಬೆಳಕು

ಮನೆಯೊಳಗಿನ ಗೃಹಪ್ರವೇಶ, ನಾಮಕರಣಗಳ ಚಿತ್ರಗಳಲ್ಲಿ ಹಿಂದಿನ ಗೋಡೆಯ ಮೇಲೆ ಗಾಜು ಹಾಕಿದ ದೇವರ ಪಟವೋ ಹಿರಿಯರ ಭಾವಚಿತ್ರವೋ ಇದ್ದೇ ಇರುತ್ತದೆ, ಅದರ ನಡುವೆ ಫ್ಲ್ಯಾಶಿನ ಬಿಳಿ ಸ್ಫೋಟವೂ ಇರುತ್ತದೆ. ಬೆಳಕು ಗಾಜಿಗೆ ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಆಚೆಗೆ ಹೊರಡುತ್ತದೆ. ಆದ್ದರಿಂದ ಗೋಡೆಗೆ ನೇರ ಎದುರು ನಿಲ್ಲದೆ ಒಂದೆರಡು ಅಡಿ ಓರೆಯಾಗಿ ನಿಂತರೆ ಮರಳಿದ ಬೆಳಕು ಲೆನ್ಸಿಗೆ ಸಿಗದೆ ಪಕ್ಕಕ್ಕೆ ಹೋಗುತ್ತದೆ. ಸರಿಯಲು ಜಾಗವಿಲ್ಲದಿದ್ದರೆ ಪಟದ ಮೇಲಂಚಿನ ಹಿಂದೆ ಮಡಚಿದ ಕಾಗದ ಸಿಕ್ಕಿಸಿ ಅದು ಸ್ವಲ್ಪ ಕೆಳಮುಖವಾಗುವಂತೆ ಮಾಡಬಹುದು. ನುಣುಪು ಗ್ರಾನೈಟ್ ಗೋಡೆಗೂ ಉಕ್ಕಿನ ಬೀರುವಿಗೂ ಇದೇ ನಿಯಮ.

ಕನ್ನಡಕದ ವಿಷಯ ಕೊಂಚ ನಾಜೂಕು. ಫ್ಲ್ಯಾಶನ್ನು ಎತ್ತರಕ್ಕೂ ಪಕ್ಕಕ್ಕೂ ಒಯ್ಯುವುದು ಮೊದಲ ಉಪಾಯ. ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಅರ್ಧ ಸೆಂಟಿಮೀಟರ್‌ನಷ್ಟು ಎತ್ತಿ ಗಾಜು ಕೆಳಕ್ಕೆ ಬಾಗುವಂತೆ ಮಾಡುವುದು ಎರಡನೆಯದು. ಹಿರಿಯರಿಗೆ ‘ಕನ್ನಡಕ ತೆಗೆಯಿರಿ’ ಎನ್ನಬೇಡಿ. ಕನ್ನಡಕವಿಲ್ಲದ ಅವರ ಮುಖ ಮನೆಯವರಿಗೇ ಗುರುತು ಸಿಗದಂತೆ ಇರುತ್ತದೆ.

ಬೆವರಿದ ಹಣೆ, ಮೂಗಿನ ತುದಿಗಳ ಹೊಳಪಿಗೆ ಹತ್ತಿಬಟ್ಟೆಯಿಂದ ಒತ್ತಿ ಒರೆಸುವುದೇ ಅಗ್ಗದ ಪರಿಹಾರ. ಚಿನ್ನದ ಆಭರಣ, ಜರಿಯ ಅಂಚುಗಳಲ್ಲಿ ಹೊಳಪನ್ನು ಪೂರ್ತಿ ತೆಗೆಯಬಾರದು, ಆದರೆ ಸುಟ್ಟ ಬಿಳಿ ಚುಕ್ಕೆಯನ್ನು ಮೃದುವಾದ ಹೊಳಪಾಗಿ ಮಾರ್ಪಡಿಸಬೇಕು. ಅದಕ್ಕೆ ಬೆಳಕಿನ ಮೂಲ ದೊಡ್ಡದಾಗಬೇಕು. ಚಾವಣಿಗೆ ಹೊಡೆದು ಬೆಳಕನ್ನು ಕೆಳಗಿಳಿಸಿಕೊಳ್ಳಿ ಎಂಬ ಸಲಹೆ ಮನೆಯ ಹತ್ತಡಿ ಬಿಳಿ ಚಾವಣಿಗೆ ಸರಿ. ಕಲ್ಯಾಣ ಮಂಟಪದ ಎತ್ತರದ, ಬಣ್ಣದ ಬಟ್ಟೆ ಕಟ್ಟಿದ ಚಾವಣಿಯಿಂದ ಬೆಳಕು ಮರಳುವುದೇ ಕಡಿಮೆ. ಮರಳಿದ್ದೂ ಆ ಬಟ್ಟೆಯ ಬಣ್ಣ ಹೊತ್ತು ಬರುತ್ತದೆ. ಅಲ್ಲಿ ಸಹಾಯಕರ ಕೈಗೆ ಬಿಳಿ ಥರ್ಮೋಕೋಲ್ ಹಲಗೆಯನ್ನೋ ಬಿಳಿ ಛತ್ರಿಯನ್ನೋ ಕೊಡುವುದು ಲೇಸು. ಪೋಲರೈಸಿಂಗ್ ಫಿಲ್ಟರ್ ಗಾಜು, ಮೆರುಗೆಣ್ಣೆ ಹಾಕಿದ ಮರಗಳ ಓರೆ ಪ್ರತಿಫಲನವನ್ನು ತಗ್ಗಿಸುತ್ತದೆ. ಲೋಹದ ಹೊಳಪಿನ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಲೆನ್ಸ್ ಫ್ಲೇರ್

ಗಾಜಿನ ಬರಿಯ ಮೇಲ್ಮೈಯೊಂದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 4ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಇಂದಿನ ಜೂಮ್ ಲೆನ್ಸಿನಲ್ಲಿ ಹದಿನೈದಕ್ಕೂ ಹೆಚ್ಚು ಗಾಜುಗಳಿರುವುದು ಸಾಮಾನ್ಯ. ಒಂದರಿಂದ ಮರಳಿದ ಬೆಳಕು ಇನ್ನೊಂದಕ್ಕೆ ಬಡಿದು ಮತ್ತೆ ಸೆನ್ಸರಿನತ್ತ ಬರುತ್ತದೆ. ಗಾಜಿನ ಮೇಲೆ ತೆಳುವಾದ ಲೇಪನ ಹಾಕಿ ಈ ಮರಳುವಿಕೆಯನ್ನು ತಗ್ಗಿಸುವ ವಿಧಾನಕ್ಕೆ ಜರ್ಮನಿಯ ಜೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲಾ 1935ರಲ್ಲಿ ಪೇಟೆಂಟ್ ಪಡೆದರು. ಲೆನ್ಸಿನ ಗಾಜಿನಲ್ಲಿ ಇಂದು ನಮಗೆ ಕಾಣುವ ನೇರಳೆ, ಹಸಿರು ಛಾಯೆ ಅಂತಹ ಲೇಪನದ್ದೇ. ಲೇಪನವಿದ್ದರೂ ಪ್ರಖರ ದೀಪ ನೇರವಾಗಿ ಲೆನ್ಸಿಗೆ ಬಿದ್ದಾಗ ಫ್ಲೇರ್ ತಪ್ಪುವುದಿಲ್ಲ. ಅದು ಎರಡು ರೂಪದಲ್ಲಿ ಬರುತ್ತದೆ. ಒಂದು, ದೀಪದಿಂದ ಹೊರಟು ಚೌಕಟ್ಟಿನ ಮಧ್ಯದ ಮೂಲಕ ಸಾಲಾಗಿ ಹಾಯುವ ಬಣ್ಣದ ಕಲೆಗಳು. ಇನ್ನೊಂದು, ಇಡೀ ಚಿತ್ರಕ್ಕೆ ಹಾಲು ಸವರಿದಂತೆ ಕಪ್ಪನ್ನೆಲ್ಲ ಬೂದಿಯಾಗಿಸುವ ಮಬ್ಬು. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ದೀಪ ಚೌಕಟ್ಟಿನ ಹೊರಗಿರುವಾಗ ಈ ಮಬ್ಬಿನ ಮೂಲ ಕಣ್ಣಿಗೆ ಬೀಳುವುದಿಲ್ಲ, ‘ಲೆನ್ಸೇ ಸರಿಯಿಲ್ಲ’ ಎಂದು ಜನ ಹೊಸತನ್ನು ಕೊಳ್ಳುತ್ತಾರೆ.

ಫ್ಲ್ಯಾಶಿನಿಂದ ಬರುವ ಫ್ಲೇರ್ ಕ್ಲಿಕ್ಕಿಸುವ ಮೊದಲು ವ್ಯೂಫೈಂಡರಿನಲ್ಲಿ ಕಾಣುವುದಿಲ್ಲ. ಅದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ ಇರುತ್ತದೆ. ಹಾಗಾಗಿ ಪರೀಕ್ಷೆಯ ಕ್ರಮ ಬೇರೆ. ಎರಡು ಮೂರು ಫ್ಲ್ಯಾಶ್ ಬಳಸುತ್ತಿದ್ದರೆ ಒಂದೊಂದನ್ನೇ ಆರಿಸುತ್ತಾ ಚಿತ್ರ ತೆಗೆಯಿರಿ. ಯಾವುದನ್ನು ಆರಿಸಿದಾಗ ಮಬ್ಬು ಹೋಗುತ್ತದೋ ಅದೇ ಅಪರಾಧಿ. ವಿಡಿಯೊದವರ ಎಲ್‌ಇಡಿ ದೀಪವನ್ನೂ ಈ ಪಟ್ಟಿಯಲ್ಲಿ ಸೇರಿಸಿಕೊಳ್ಳಿ. ಒಮ್ಮೆ ಅರತಕ್ಷತೆಯಲ್ಲಿ ನನ್ನ ಎರಡೂ ಫ್ಲ್ಯಾಶುಗಳನ್ನು ಅರ್ಧ ಗಂಟೆ ಹಿಂದೆ ಮುಂದೆ ಸರಿಸಿದ ಮೇಲೆ, ವೇದಿಕೆಯ ಹಿಂಬದಿಯ ಅಲಂಕಾರದ ಫೋಕಸ್ ದೀಪವೊಂದು ಹೂಗಳ ಸಂದಿಯಿಂದ ನೇರ ನನ್ನತ್ತ ತಿರುಗಿರುವುದು ಗೊತ್ತಾಯಿತು.

ಅಪರಾಧಿ ಸಿಕ್ಕಿದ ಮೇಲೆ ಅದರ ಬಳಿ ಹೋಗಿ ನಿಂತು ಕ್ಯಾಮೆರಾದತ್ತ ನೋಡಿ. ದೀಪದ ಜಾಗದಿಂದ ಲೆನ್ಸಿನ ಮುಂಗಾಜು ಕಾಣುತ್ತಿದ್ದರೆ ಆ ಬೆಳಕು ಗಾಜಿನ ಮೇಲೆ ಬೀಳುತ್ತಿದೆ ಎಂದೇ ಅರ್ಥ. ದೀಪಕ್ಕೂ ಲೆನ್ಸಿಗೂ ನಡುವೆ ಕಪ್ಪು ರಟ್ಟಿನ ತುಂಡೊಂದನ್ನು ಬಟ್ಟೆ ಕ್ಲಿಪ್ಪಿನಿಂದ ದೀಪದ ಅಂಚಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ. ಜೇನುಗೂಡಿನಂತಹ ಗ್ರಿಡ್ ಇದ್ದರೆ ಇನ್ನೂ ಅಚ್ಚುಕಟ್ಟು. ಹಿಂಬದಿಯ ಫ್ಲ್ಯಾಶನ್ನು ವರನ ತಲೆಯ ಹಿಂದೆಯೋ ಕಂಬದ ಹಿಂದೆಯೋ ಮರೆಮಾಡಿದರೆ ಅಂಚಿನ ಹೊಳಪು ಉಳಿದು ಫ್ಲೇರ್ ಮಾತ್ರ ಹೋಗುತ್ತದೆ.

ಲೆನ್ಸ್ ಹುಡ್ (ಲೆನ್ಸಿನ ಮುಂದೆ ಸಿಕ್ಕಿಸುವ ಕೊಳವೆಯಂತಹ ಮರೆ) ಸದಾ ಹಾಕಿರಬೇಕು, ಆದರೆ ಅದನ್ನು ಸರ್ವರೋಗ ನಿವಾರಕ ಎಂದು ಭಾವಿಸಬಾರದು. ಜೂಮ್ ಲೆನ್ಸಿನ ಹುಡ್ ಅತಿ ಅಗಲದ ನೋಟಕ್ಕೆ ಅಡ್ಡ ಬರದಂತೆ ಕತ್ತರಿಸಿರುವುದರಿಂದ ಉದ್ದದ ತುದಿಯಲ್ಲಿ ಅದರ ರಕ್ಷಣೆ ಕಡಿಮೆ. ಅಂಗೈಯನ್ನು ಲೆನ್ಸಿನ ಮೇಲೆ ಟೋಪಿಯ ಅಂಚಿನಂತೆ ಹಿಡಿಯುವುದು ಅನೇಕ ವೇಳೆ ಹೆಚ್ಚು ಫಲಕಾರಿ. ಕ್ಯಾಮೆರಾದ ಒಳಫ್ಲ್ಯಾಶ್ ಬಳಸುವಾಗ ಮಾತ್ರ ಹುಡ್ ತೆಗೆಯಲೇಬೇಕು. ಇಲ್ಲದಿದ್ದರೆ ಚಿತ್ರದ ಕೆಳಭಾಗದಲ್ಲಿ ಅರ್ಧಚಂದ್ರಾಕಾರದ ಕಪ್ಪು ನೆರಳು ಬೀಳುತ್ತದೆ, ಅದನ್ನು ಸೆನ್ಸರಿನ ದೋಷವೆಂದು ತಿಳಿದು ಗಾಬರಿಯಾದವರೂ ಇದ್ದಾರೆ.

ರಾತ್ರಿಯ ಚಿತ್ರಗಳಲ್ಲಿ ಸಾಲುದೀಪಗಳ ತಲೆಕೆಳಗಾದ ಪುಟ್ಟ ನಕಲುಗಳು ಎದುರು ಮೂಲೆಯಲ್ಲಿ ತೇಲುತ್ತಿದ್ದರೆ ಯುವಿ ಫಿಲ್ಟರ್ ಬಿಚ್ಚಿ ಮತ್ತೊಂದು ಚಿತ್ರ ತೆಗೆಯಿರಿ. ಸೆನ್ಸರಿನಿಂದ ಮರಳಿದ ಬೆಳಕು ಫಿಲ್ಟರಿನ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಒಳಗೆ ಬರುವುದರಿಂದ ಆಗುವ ತೊಂದರೆಯಿದು. ಲೆನ್ಸಿನ ರಕ್ಷಣೆಗೆಂದು ಹಾಕಿಸಿಕೊಂಡ ಅಗ್ಗದ ಫಿಲ್ಟರ್ ಹಾಳುಮಾಡಿದಷ್ಟು ದೀಪೋತ್ಸವದ ಚಿತ್ರಗಳನ್ನು ಬೇರಾವುದೂ ಹಾಳುಮಾಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಲೆನ್ಸಿನ ಗಾಜು: ಕೊಳೆ, ಹಬೆ, ಬೂಷ್ಟು

ಮುಂಗಾಜಿನ ಧೂಳು ಚುಕ್ಕೆಯಾಗುವುದಿಲ್ಲವೆಂದೆ. ಆದರೆ ಬೆರಳಿನ ಎಣ್ಣೆಯ ಗುರುತು ಎದುರುಬೆಳಕನ್ನು ಚದುರಿಸಿ ಮಬ್ಬು ತರುತ್ತದೆ. ಮೊದಲು ರಬ್ಬರ್ ಬ್ಲೋಯರಿನಿಂದ ಗಾಳಿ ಒತ್ತಿ, ಆಮೇಲೆ ಮೃದು ಕುಂಚದಿಂದ ಸವರಿ, ಕೊನೆಗೆ ಮೈಕ್ರೋಫೈಬರ್ ಬಟ್ಟೆಗೆ ಒಂದು ಹನಿ ಲೆನ್ಸ್ ದ್ರಾವಣ ಹಾಕಿ ನಡುವಿನಿಂದ ಹೊರಕ್ಕೆ ಸುತ್ತುತ್ತಾ ಒರೆಸಿ. ಅಂಗಿಯ ತುದಿ, ಪಂಚೆಯ ಅಂಚು, ಸೆರಗು ಯಾವುದೂ ಬೇಡ. ಅವುಗಳಲ್ಲಿನ ಮರಳಿನ ಕಣ ಲೇಪನವನ್ನು ಗೀರುತ್ತದೆ.

ಎಸಿ ಕೋಣೆಯಿಂದ ಮಂಗಳೂರಿನ ಸೆಖೆಗೆ ಕ್ಯಾಮೆರಾ ತಂದರೆ ಗಾಜಿನ ಮೇಲೆ ಹಬೆ ಕೂಡುತ್ತದೆ. ಒರೆಸುತ್ತಾ ಕೂರದೆ, ಚೀಲದ ಜಿಪ್ ಮುಚ್ಚಿಟ್ಟು ಇಪ್ಪತ್ತು ಮೂವತ್ತು ನಿಮಿಷ ಮೊದಲೇ ಹೊರಗಿಡಿ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಬೂಷ್ಟಿನ ಭಯವೂ ಇದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿದಾಗ ಒಳಗಾಜಿನ ಮೇಲೆ ಜೇಡರಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು. ಬಿಚ್ಚಿ ತೊಳೆಯುವ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಬರದಂತೆ ತಡೆಯಲು ಶೇಕಡ 40ರಿಂದ 50ರ ತೇವಾಂಶವಿರುವ ಪೆಟ್ಟಿಗೆ ಅಥವಾ ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಲೆನ್ಸ್ ಇಡಿ.

ಮೊಬೈಲಿನಲ್ಲಿ ಚಿತ್ರ ತೆಗೆಯುವವರು ಮೊದಲು ಹಿಂಬದಿಯ ಕವರ್ ಕಳಚಿ ನೋಡಬೇಕು. ಪಾರದರ್ಶಕ ಕವರಿನ ಅಂಚು ಫ್ಲ್ಯಾಶಿನ ಬೆಳಕನ್ನು ನೇರ ಲೆನ್ಸಿನೊಳಕ್ಕೆ ಒಯ್ಯುತ್ತದೆ. ಕ್ಯಾಮೆರಾಕ್ಕೆ ಅಂಟಿಸಿದ ರಕ್ಷಾಗಾಜೂ ಹಾಗೆಯೇ. ಅಷ್ಟಾದರೂ ಸರಿಹೋಗದಿದ್ದರೆ ಮೊಬೈಲಿನ ಫ್ಲ್ಯಾಶ್ ಬಿಟ್ಟು, ಇನ್ನೊಂದು ಮೊಬೈಲಿನ ಟಾರ್ಚನ್ನು ಪಕ್ಕದಲ್ಲಿ ನಿಂತವರ ಕೈಯಲ್ಲಿ ಓರೆಯಾಗಿ ಹಿಡಿಸಿ.

ಕೊನೆಗೆ ಸೆನ್ಸರ್

ಮೇಲಿನ ಪರೀಕ್ಷೆಗಳಲ್ಲಿ ಕಲೆ ಕಪ್ಪಗಿದ್ದು, ಕದಲದೆ, ಎಫ್ 16ರಲ್ಲಿ ಸ್ಫುಟವಾದರೆ ಮಾತ್ರ ಸೆನ್ಸರಿಗೆ ಕೈಹಾಕಿ. ಎಫ್ 22 ಇಟ್ಟು, ಫೋಕಸನ್ನು ಬೇಕೆಂದೇ ತಪ್ಪಿಸಿ, ಬಿಳಿ ಗೋಡೆ ಅಥವಾ ಶುಭ್ರ ಆಕಾಶದ ಚಿತ್ರ ತೆಗೆದು ಧೂಳಿನ ಜಾಗ ಗುರುತಿಸಿಕೊಳ್ಳಿ. ಲೆನ್ಸ್ ತೆಗೆದು ಎದುರಿನಿಂದ ನೋಡುವಾಗ ಚಿತ್ರದ ಮೇಲ್ಭಾಗದ ಚುಕ್ಕೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ, ಎಡಬಲ ಬದಲಾಗುವುದಿಲ್ಲ. ಬ್ಯಾಟರಿ ಪೂರ್ತಿ ತುಂಬಿಸಿ, ಮೆನುವಿನಲ್ಲಿ ಶುಚಿಗೊಳಿಸುವ ಆಯ್ಕೆ ಒತ್ತಿ ಸೆನ್ಸರ್ ತೆರೆದಿದೆಯೆಂದು ಖಚಿತಪಡಿಸಿಕೊಳ್ಳಿ. ಶಟರ್ ಪರದೆ ಮುಚ್ಚಿದ್ದಾಗ ಅದರ ಮೇಲೆ ಗಾಳಿ ಒತ್ತಬಾರದು. ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು, ತುದಿ ಒಳಗೆ ಹೋಗದಂತೆ, ಬ್ಲೋಯರಿನಿಂದ ಐದಾರು ಸಲ ಗಾಳಿ ಒತ್ತಿ. ಬಾಯಿಯಿಂದ ಊದಿದರೆ ಉಗುಳಿನ ಹನಿ ಕೂರುತ್ತದೆ. ಡಬ್ಬಿಯ ಒತ್ತಡದ ಗಾಳಿಯಲ್ಲಿ ದ್ರವ ಚಿಮ್ಮಿ ಕಲೆ ಕಟ್ಟುತ್ತದೆ.

ಮತ್ತೆ ಎಫ್ 22ರ ಚಿತ್ರ ತೆಗೆದು ಹೋಲಿಸಿ. ಚುಕ್ಕೆ ಸ್ವಲ್ಪವಾದರೂ ಸರಿದಿದ್ದರೆ ಅದು ಒಣ ಧೂಳು, ಇನ್ನೊಂದು ಸುತ್ತು ಗಾಳಿಗೆ ಹೋಗುತ್ತದೆ. ಕೂದಲೆಳೆಯಷ್ಟೂ ಕದಲದಿದ್ದರೆ ಎಣ್ಣೆಯೋ ಅಂಟೋ ಆಗಿರಬಹುದು. ಅದಕ್ಕೆ ನಿಮ್ಮ ಸೆನ್ಸರಿನ ಅಗಲಕ್ಕೆ ಸರಿಹೊಂದುವ ಸ್ವಾಬ್ (ಸೆನ್ಸರ್ ಒರೆಸುವ ಚಪ್ಪಟೆ ತುದಿಯ ಕಡ್ಡಿ) ಮತ್ತು ದ್ರಾವಣ ಬೇಕು. ಫುಲ್ ಫ್ರೇಮ್‌ಗೆ 24 ಮಿಲಿಮೀಟರ್, ಎಪಿಎಸ್-ಸಿಗೆ ಸುಮಾರು 16 ಮಿಲಿಮೀಟರ್ ಅಗಲದ್ದು (ಫುಲ್ ಫ್ರೇಮ್ ದೊಡ್ಡ ಸೆನ್ಸರ್, ಎಪಿಎಸ್-ಸಿ ಅದಕ್ಕಿಂತ ಚಿಕ್ಕದು). ಒಂದು ಬದಿಯಿಂದ ಇನ್ನೊಂದು ಬದಿಗೆ ಒಂದೇ ಎಳೆತ, ಸ್ವಾಬನ್ನು ತಿರುಗಿಸಿ ಮರಳಿ ಒಂದು ಎಳೆತ, ಆಮೇಲೆ ಆ ಸ್ವಾಬನ್ನು ಎಸೆಯಬೇಕು. ಮಾರನೆಯ ದಿನ ಮದುವೆಯ ಕೆಲಸವಿದ್ದರೆ ಹಿಂದಿನ ರಾತ್ರಿ ಇದನ್ನು ಮೊದಲ ಬಾರಿಗೆ ಪ್ರಯತ್ನಿಸಬೇಡಿ, ಎಫ್ 5.6ರಲ್ಲಿ ಚಿತ್ರ ತೆಗೆದು ಬನ್ನಿ, ಆ ಧೂಳು ಬಹುತೇಕ ಕಾಣುವುದಿಲ್ಲ.